ತಲೆಬರಹವನ್ನು ಬಿಡಿಸಿ ಓದುವ ಬಗೆ

ಮಾದರಿಗೆ ಈ ತಲೆಬರಹ ನೋಡಿ: ‘ವಾಹನ ಸವಾರರಿಗೆ ಬಿಗ್ ಶಾಕ್! ನಾಳೆಯಿಂದ ಈ ದಾಖಲೆ ಇಲ್ಲದಿದ್ದರೆ ಭಾರಿ ದಂಡ?’

ಮೊದಲು ‘ಬಿಗ್ ಶಾಕ್’, ‘ಭಾರಿ’ ಎರಡನ್ನೂ ಹೊಡೆದುಹಾಕಿ. ಏನಾಯಿತು ಎಂಬುದನ್ನು ಇವು ತಿಳಿಸುವುದಿಲ್ಲ, ನಿಮಗೆ ಏನನ್ನಿಸಬೇಕು ಎಂಬುದನ್ನಷ್ಟೇ ಹೇಳಿಕೊಡುತ್ತವೆ. ಆಶ್ಚರ್ಯಸೂಚಕವೂ ಹೋಗಲಿ.

ಆಮೇಲೆ ‘ಈ’. ಇಡೀ ತಲೆಬರಹದ ಕೊಕ್ಕೆ ಇರುವುದು ಈ ಒಂದಕ್ಷರದಲ್ಲೇ. ಯಾವ ದಾಖಲೆ ಎಂಬ ಪ್ರಶ್ನೆ ಎಬ್ಬಿಸಿ, ಉತ್ತರವನ್ನು ಒಳಗೆ ಬಚ್ಚಿಟ್ಟಿದೆ. ತಿಳಿದಿರುವುದಕ್ಕೂ ತಿಳಿಯಬೇಕೆನಿಸುವುದಕ್ಕೂ ನಡುವೆ ಕಾಣುವ ಅಂತರದಿಂದ ಕುತೂಹಲ ಹುಟ್ಟುತ್ತದೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಲೋವೆನ್‌ಸ್ಟೀನ್ 1994ರಲ್ಲೇ ವಿವರಿಸಿದ್ದರು. ‘ಈ ಒಂದು ತಪ್ಪು’, ‘ಮುಂದೇನಾಯ್ತು’, ‘ಇಲ್ಲಿದೆ ಮಾಹಿತಿ’ ಎಲ್ಲವೂ ಆ ಅಂತರವನ್ನು ಬೇಕೆಂದೇ ತೆರೆದಿಡುತ್ತವೆ.

ಕೊನೆಯ ಪ್ರಶ್ನಾರ್ಥಕ ಚಿಹ್ನೆ ತೆಗೆದು ಪೂರ್ಣವಿರಾಮ ಇಡಿ. ವಾಕ್ಯವನ್ನು ಹೊಣೆ ಹೊತ್ತು ಹೇಳಿದವರು ಸುದ್ದಿಯೊಳಗೆ ಇದ್ದಾರೆಯೇ ಎಂದು ಹುಡುಕಿ. ‘ಚಿಂತನೆ ನಡೆದಿದೆ’, ‘ಪ್ರಸ್ತಾವ ಸಲ್ಲಿಕೆಯಾಗಿದೆ’ ಎಂಬ ಮಾತು ಮೂರನೆಯದೋ ನಾಲ್ಕನೆಯದೋ ಪ್ಯಾರಾದಲ್ಲಿ ಸಿಕ್ಕರೆ, ‘ನಾಳೆಯಿಂದ’ ಎಂಬುದೂ ಬಿದ್ದುಹೋಯಿತು. ಒಳಗೆ ಹೇಳಿರುವ ದಾಖಲೆ ವಿಮೆ ಪತ್ರ ಎಂದಿಟ್ಟುಕೊಂಡು ಈಗ ನೀವೇ ಬರೆಯಿರಿ: ‘ವಿಮೆ ಪತ್ರದ ತಪಾಸಣೆ ಬಿಗಿಗೊಳಿಸಲು ಪ್ರಸ್ತಾವ’. ಯಾರು, ಏನು, ಯಾವಾಗ, ಈ ಮೂರರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೆ ಆ ಜಾಗ ಖಾಲಿ ಬಿಡಿ, ಊಹಿಸಿ ತುಂಬಬೇಡಿ.

ರಾಜಕೀಯ ಸುದ್ದಿಯಲ್ಲಿ ಕಣ್ಣಿಡಬೇಕಾದ್ದು ಕೊನೆಯ ಪದದ ಮೇಲೆ. ‘ಕಿಡಿ’, ‘ಗರಂ’, ‘ವಾಗ್ದಾಳಿ’, ‘ತಿರುಗೇಟು’ ಇದ್ದಲ್ಲಿ ‘ಹೇಳಿದರು’ ಎಂದು ಹಾಕಿ, ಆಡಿದ ಮಾತನ್ನು ಪೂರ್ತಿ ಓದಿ. ಆಗಲೂ ಮಾತು ಖಾರವಾಗಿದ್ದರೆ ಸಿಟ್ಟು ಆಡಿದವರದು. ಸಪ್ಪೆಯಾಗಿದ್ದರೆ ಅದು ಸುದ್ದಿ ತಿದ್ದುವ ಡೆಸ್ಕ್‌ನಲ್ಲಿ ಬೆರೆಸಿದ್ದು. ಬಹಳಷ್ಟು ಕಡೆ ತಲೆಬರಹ ಕೊಡುವವರು ವರದಿಗಾರರಲ್ಲ, ಉಪಸಂಪಾದಕರು. ಹಾಗಾಗಿ ಒಳಗಿನ ವರದಿ ನೆಟ್ಟಗಿದ್ದೂ ತಲೆಬರಹ ಅಡ್ಡದಾರಿ ಹಿಡಿದಿರಬಹುದು.

ತಲೆಬರಹಗಳಲ್ಲಿ ನಕಾರಾತ್ಮಕ ಪದಗಳೇ ಏಕೆ ಹೆಚ್ಚು? ಅವು ಕೆಲಸ ಮಾಡುತ್ತವೆ. ಅಪ್‌ವರ್ದಿ ಎಂಬ ಅಮೆರಿಕದ ಸುದ್ದಿ ಜಾಲತಾಣದ ಸುಮಾರು 1,05,000 ತಲೆಬರಹ ರೂಪಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸರಾಸರಿ ಉದ್ದದ ತಲೆಬರಹಕ್ಕೆ ಒಂದು ನಕಾರಾತ್ಮಕ ಪದ ಸೇರಿದರೆ ಕ್ಲಿಕ್ ದರ (ತಲೆಬರಹ ಕಂಡವರಲ್ಲಿ ಅದನ್ನು ಒತ್ತಿ ತೆರೆಯುವವರ ಪಾಲು) ಶೇ 2.3ರಷ್ಟು ಏರುತ್ತದೆ. ಒಂದೇ ಪದದಿಂದ ಇಷ್ಟು ಸಿಗುವುದಾದರೆ, ಲಕ್ಷಗಟ್ಟಲೆ ಓದುಗರಿರುವ ತಾಣ ಅದನ್ನು ಸುಮ್ಮನೆ ಬಿಡುವುದಿಲ್ಲ.

‘ಎರಡು ಪಟ್ಟು ಏರಿಕೆ’ ಕಂಡರೆ ಮೂಲ ಅಂಕಿ ಕೇಳಿ. ಎರಡು ನಾಲ್ಕಾದರೂ ಎರಡು ಪಟ್ಟೇ, ಎರಡು ಸಾವಿರ ನಾಲ್ಕು ಸಾವಿರವಾದರೂ ಎರಡು ಪಟ್ಟೇ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಭಾವ ತುಂಬಿದ ತಲೆಬರಹವನ್ನೆಲ್ಲ ಸುಳ್ಳೆಂದು ತಳ್ಳಿಹಾಕುವುದು. ‘ಸೇತುವೆ ಕುಸಿದು 12 ಸಾವು’ ಎಂಬುದೂ ಎದೆ ನಡುಗಿಸುತ್ತದೆ. ಆದರೆ ಅಲ್ಲಿ ಹೊಡೆದುಹಾಕಲು ಒಂದು ಪದವೂ ಸಿಗುವುದಿಲ್ಲ.