ಹಳೇ ಗಾಡಿಯ ಜಾತಕ ಓದುವುದು ಹೇಗೆ

ನಿವೃತ್ತಿಯಾದ ಬೋಗಿಯನ್ನೋ ಎಂಜಿನ್ನನ್ನೋ ಕಂಡರೆ ಎಲ್ಲರೂ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಮಂಡಿಯೂರಿ ಅದರ ಹೊಟ್ಟೆಯಡಿ ಇಣುಕುತ್ತೇನೆ. ಈ ಹುಚ್ಚು ಹತ್ತಿಸಿದವರು ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದ ನಮ್ಮ ದೊಡ್ಡಪ್ಪ. ಆನಂದಪುರದಿಂದ ಶಿವಮೊಗ್ಗದ ಕಾಲೇಜಿಗೆ ಮೀಟರ್‌ಗೇಜ್ ಗಾಡಿಯಲ್ಲಿ ಓಡಾಡುತ್ತಿದ್ದ ಕಾಲ. ಕುಂಸಿಯಲ್ಲಿ ಗಾಡಿ ನಿಂತಾಗೆಲ್ಲ ಪಾಠ. "ಬೋಗಿ ಅಂದ್ರೆ ಕೆಳಗಿನ ಚಕ್ರದ ಚೌಕಟ್ಟು ಮಾರಾಯ, ನೀ ಕೂತಿರೋದು ಕೋಚು" ಎಂದು ಅವರು ತಿದ್ದದ ದಿನವಿಲ್ಲ. ನಾನು ಇವತ್ತಿಗೂ ಬೋಗಿ ಎಂದೇ ಹೇಳುವುದು.

ಬೇಕಾದದ್ದು ಅಳತೆ ಟೇಪು, ಟಾರ್ಚು, ಸೀಮೆಸುಣ್ಣ, ಹಳೇ ಪಂಚೆಯ ಒಂದು ತುಂಡು. ಮಳೆಗಾಲ ಬೇಡ. ಪಾಚಿಗೆ ಅಕ್ಷರ ಕಾಣುವುದಿಲ್ಲ, ಬಗ್ಗಿದಲ್ಲೆಲ್ಲ ಉಂಬಳ. ಗಾಡಿ ನಿಲ್ದಾಣದ ಆವರಣದಲ್ಲಿದ್ದರೆ ಸ್ಟೇಷನ್ ಮಾಸ್ತರರನ್ನು ಮೊದಲು ಕೇಳಿ.

ಮೊದಲು ಗೇಜ್, ಅಂದರೆ ಹಳಿಗಳ ನಡುವಿನ ಅಂತರ. ಹಳಿ ಇದ್ದರೆ ಎರಡೂ ಹಳಿಗಳ ಒಳ ಅಂಚಿನ ನಡುವೆ ಅಳೆಯಿರಿ: ಮೀಟರ್‌ಗೇಜ್ 1000 ಮಿ.ಮೀ., ಬ್ರಾಡ್‌ಗೇಜ್ 1676. ಸಿಮೆಂಟಿನ ಕಟ್ಟೆ ಮೇಲೆ ಕೂರಿಸಿಬಿಟ್ಟಿದ್ದರೆ ಒಂದೇ ಅಚ್ಚಿನ (ಆಕ್ಸಲ್) ಎರಡು ಚಕ್ರಗಳ ಒಳಮೈಗಳ ನಡುವಿನ ಅಂತರ ನೋಡಿ. ಮೀಟರ್‌ಗೇಜಿಗೆ 930, ಬ್ರಾಡ್‌ಗೇಜಿಗೆ 1600 ಸಿಗುತ್ತದೆ.

ಆಮೇಲೆ ನಂಬರು. ಬ್ರಾಡ್‌ಗೇಜ್ ಬೋಗಿಯ ಮೇಲೆ ಐದಂಕಿ ಇದ್ದರೆ ಮೊದಲ ಎರಡಂಕಿ ಕಟ್ಟಿದ ವರ್ಷ, ಉಳಿದ ಮೂರಂಕಿ ಬೋಗಿಯ ಜಾತಿ. 98436 ಎಂದಿದ್ದರೆ 1998ರ ಜನರಲ್ ಬೋಗಿ. 201ರಿಂದ 400ರವರೆಗೆ ಸ್ಲೀಪರ್, 401ರಿಂದ 600 ಜನರಲ್. ಆದರೆ ಹಳೇ ಬೋಗಿಯನ್ನು ಮತ್ತೆ ಕಟ್ಟಿದ್ದರೆ ಹಾಗೆ ಕಟ್ಟಿದ ವರ್ಷವನ್ನೇ ಬರೆದಿರುತ್ತಾರೆ, ಹಾಗಾಗಿ ನಂಬರು ನೋಡಿ ವಯಸ್ಸು ಖಚಿತ ಎಂದುಕೊಳ್ಳಬೇಡಿ. ಬದಿಯ ಅಕ್ಷರಗಳೂ ಸುಳಿವು ಕೊಡುತ್ತವೆ. ನೈರುತ್ಯ ರೈಲ್ವೆ (ಎಸ್‌ಡಬ್ಲ್ಯುಆರ್) ಶುರುವಾದದ್ದು 2003ರ ಏಪ್ರಿಲ್ 1ರಂದು, ನಮ್ಮ ಶಿವಮೊಗ್ಗ ದಾರಿಯ ಕೊನೆಯ ನಿಲ್ದಾಣ ತಾಳಗುಪ್ಪವನ್ನು ಬ್ರಾಡ್‌ಗೇಜ್ ಮುಟ್ಟಿದ್ದು 2011ರಲ್ಲಿ. ನಮ್ಮ ದಾರಿಯಲ್ಲಿ ಓಡಿದ ಮೀಟರ್‌ಗೇಜ್ ಬೋಗಿಯ ಮೇಲೆ ಎಸ್‌ಡಬ್ಲ್ಯುಆರ್ ಎಂದಿದ್ದರೆ ಅದು ಕಡೆಗಾಲದ ಬಣ್ಣ. ಒಂದು ಕಡೆ ಬಣ್ಣ ಎದ್ದು ಕೆಳಗಿನ ಎಸ್‌ಆರ್ (ಅದಕ್ಕೂ ಮೊದಲಿನ ದಕ್ಷಿಣ ರೈಲ್ವೆ) ಇಣುಕುತ್ತಿದ್ದರೆ ಟಾರ್ಚನ್ನು ಅಡ್ಡಡ್ಡ ಹಿಡಿದು ನೋಡಿ. ಆ ಸಂತೋಷವೇ ಬೇರೆ.

ಎಂಜಿನ್ನಿಗೆ ಬಂದರೆ ಮೊದಲು ಚಕ್ರ ಎಣಿಸಿ, ಓದುವುದು ಆಮೇಲೆ. ಇದನ್ನು ನಾನು ಕಲಿತದ್ದು ಮುಖಭಂಗವಾಗಿ. ಒಂದು ಕಡೆ ಪ್ರದರ್ಶನಕ್ಕಿಟ್ಟ ಉಗಿ ಎಂಜಿನ್ನಿನ ಪಕ್ಕದಲ್ಲಿ ಚೆಂದವಾಗಿ ವೈಪಿ ಎಂದು ಬರೆದಿತ್ತು. ನಾನೂ ನೋಟ್‌ಬುಕ್ಕಿನಲ್ಲಿ ವೈಪಿ ಎಂದು ಬರೆದು, ನಾಲ್ಕು ಜನಕ್ಕೆ ಹೇಳಿಯೂ ಆಯಿತು. ಮನೆಗೆ ಬಂದು ಫೋಟೊ ಹಿಗ್ಗಿಸಿದರೆ ದೊಡ್ಡ ಚಕ್ರ ಒಂದು ಬದಿಗೆ ನಾಲ್ಕು! ವೈಪಿ ಪ್ಯಾಸೆಂಜರ್ ಎಂಜಿನ್, ಒಂದು ಬದಿಯಿಂದ ಎಣಿಸಿದರೆ ಮುಂದೆ ಸಣ್ಣವು ಎರಡು, ನಡುವೆ ದೊಡ್ಡವು ಮೂರು, ಹಿಂದೆ ಒಂದು. ಗೂಡ್ಸಿನ ವೈಜಿಗೆ ಒಂದು, ನಾಲ್ಕು, ಒಂದು. ಪೇಂಟರ್ ಯಾರೋ ಗೂಡ್ಸ್ ಎಂಜಿನ್ನಿಗೆ ಪ್ಯಾಸೆಂಜರ್ ಹೆಸರಿಟ್ಟಿದ್ದ. ಹೆಸರಿನ ಮೊದಲ ಅಕ್ಷರ ವೈ ಅಂದರೆ ಮೀಟರ್‌ಗೇಜ್, ಡಬ್ಲ್ಯು ಅಂದರೆ ಬ್ರಾಡ್. ಪಿ ಪ್ಯಾಸೆಂಜರ್, ಜಿ ಗೂಡ್ಸ್, ಎಂ ಎರಡಕ್ಕೂ. ನಡುವೆ ಡಿ ಬಂದರೆ ಡೀಸೆಲ್. ವೈಡಿಎಂ-4 ಅಂದರೆ ಏನೆಂದು ಈಗ ನೀವೇ ಬಿಡಿಸಬಹುದು.

ಉಗಿ ಎಂಜಿನ್ನಿನ ನಿಜವಾದ ನಂಬರು ಚಕ್ರಗಳನ್ನು ಜೋಡಿಸುವ ಉಕ್ಕಿನ ರಾಡುಗಳ ಮೇಲೆ ಅಚ್ಚು ಹೊಡೆದಿರುತ್ತದೆ. ಪಂಚೆ ತುಂಡಿನಿಂದ ಧೂಳು ಒರೆಸಿ, ಸೀಮೆಸುಣ್ಣವನ್ನು ಮಲಗಿಸಿ ಮೆಲ್ಲಗೆ ಉಜ್ಜಿ. ಮೇಲ್ಮೈ ಬೆಳ್ಳಗಾಗುತ್ತದೆ, ಅಂಕಿ ಕಪ್ಪಾಗಿ ಉಳಿಯುತ್ತದೆ. ತಂತಿ ಬ್ರಷ್ ಮುಟ್ಟಲೇಬೇಡಿ. ಶೆಡ್ಡಿನಲ್ಲಿ ಒಂದರ ರಾಡನ್ನು ಇನ್ನೊಂದಕ್ಕೆ ಹಾಕುವುದು ಮಾಮೂಲು, ಅದಕ್ಕೇ ಒಂದೇ ನಂಬರು ಎರಡು ಮೂರು ಕಡೆ ಸಿಕ್ಕ ಮೇಲಷ್ಟೇ ಬರೆದುಕೊಳ್ಳಿ. ತಯಾರಕರ ಫಲಕ ಉಳಿದಿದ್ದರೆ ಅದೃಷ್ಟ, ಗುಜರಿಯವರ ಕಣ್ಣು ಮೊದಲು ಬೀಳುವುದು ಅದರ ಮೇಲೇ. ಉಗಿ ಎಂಜಿನ್ನಿನ ಮೇಲೆ 1972ರ ಈಚಿನ ಇಸವಿ ಕಂಡರೆ ಅನುಮಾನಪಡಿ, ಚಿತ್ತರಂಜನದ ಕಾರ್ಖಾನೆ ಕಡೆಯ ಉಗಿ ಎಂಜಿನ್ ಮಾಡಿದ್ದು ಆ ವರ್ಷ.

ಎಂಜಿನ್ನಿನ ಅಭ್ಯಾಸಕ್ಕೆ ಮೈಸೂರಿನ ರೈಲು ಮ್ಯೂಸಿಯಂ ಒಳ್ಳೆಯದು, 1979ರಿಂದ ಇದೆ. ಬೋಗಿಗೆ ಅಷ್ಟು ದೂರ ಬೇಡ. ನಮ್ಮ ಶಿವಮೊಗ್ಗ ದಾರಿಯ ಅರಸಾಳಿನಲ್ಲಿ ಹಳೇ ನಿಲ್ದಾಣವೇ ಮ್ಯೂಸಿಯಂ ಆಗಿದೆ, ಪಕ್ಕದಲ್ಲಿ ಹಳೇ ಬೋಗಿಯನ್ನೇ ಚಹಾದಂಗಡಿ ಮಾಡಿದ್ದಾರೆ. ಚಹಾ ಹೇಳಿ, ಬರುವಷ್ಟರಲ್ಲಿ ಕೆಳಗೆ ಬಗ್ಗಿ ನೋಡಿ. ನಾನು ಹೋದಾಗ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ತಾವೂ ಬಗ್ಗಿ, "ಎಂತ ಬಿದ್ದೋಯ್ತು ತಮ್ಮಾ?" ಎಂದು ನನ್ನ ಜೊತೆ ಹುಡುಕತೊಡಗಿದರು.