ಕೀನ್ಯಾದ ಮೊಂಬಾಸಾದಿಂದ ಟಾಂಜಾನಿಯಾದ ಟಾಂಗಾ ಊರಿಗೆ ಲೋಕಲ್ ಗಾಡೀಲೇ ಹೋಗೋದು ಹೇಗೆ

ಮೊದ್ಲು ಯೆಲ್ಲೋ ಫೀವರ್ ಇಂಜೆಕ್ಷನ್, ಹೊರಡೋಕೆ 10 ದಿನ ಮುಂಚೇನೇ ಹಾಕಿಸ್ಕೊಳ್ಳಿ, ಹಾಕಿಸ್ಕೊಂಡಿದ್ದಕ್ಕೆ ಕೊಡೋ ಹಳದಿ ಕಾರ್ಡ್ ಟಾಂಜಾನಿಯಾ ಬಾರ್ಡರಲ್ಲೂ ಬೇಕು, ವಾಪಸ್ ಇಂಡಿಯಾಗೆ ಬರುವಾಗ್ಲೂ ಬೇಕು. ವೀಸಾ ಕೆಲ್ಸ ಆನ್‌ಲೈನಲ್ಲೇ ಮುಗಿಸ್ಬಿಡಿ.

ಮೊಂಬಾಸಾ ಹಳೇ ಊರಿರೋದು ದ್ವೀಪದ ಮೇಲೆ, ದಕ್ಷಿಣಕ್ಕೆ ಹೋಗೋಕೆ ಲಿಕೋನಿ ಫೆರಿ ಹತ್ತಿ, ನಡ್ಕೊಂಡು ಹೋಗೋರಿಗೆ ಪೂರ್ತಿ ಫ್ರೀ, ಆದ್ರೆ ಬೆಳಗ್ಗೆ ಸಂಜೆ ನೂಕುನುಗ್ಗಲು ಜಾತ್ರೆ ಥರ ಇರತ್ತೆ, ಬ್ಯಾಗ್ ಎದೆ ಮೇಲಿರ್ಲಿ. ಆಚೆ ದಡದಲ್ಲಿ ಮಟಾಟು, ಅಂದ್ರೆ ನಮ್ಮ ಟೆಂಪೋ ಥರದ ವ್ಯಾನ್‌ಗಳು ನಿಂತಿರ್ತವೆ, ಟೈಮು ಗೀಮು ಏನಿಲ್ಲ, ಸೀಟು ತುಂಬಿದ್ಮೇಲೇ ಹೊರಡೋದು. ಹತ್ತೋ ಮುಂಚೆ ಪಕ್ಕದ ಪ್ಯಾಸೆಂಜರ್‌ನ 'ಬೇಯಿ ಗಾನಿ' ಅಂತ ಕೇಳಿ, ಅಲ್ಲಿನ ಸ್ವಾಹಿಲಿ ಭಾಷೇಲಿ ರೇಟ್ ಎಷ್ಟು ಅಂತ ಅರ್ಥ. ನಾನು ಸೀದಾ ಕಂಡಕ್ಟರ್‌ನೇ ಕೇಳಿ ಡಬಲ್ ಕೊಟ್ಟು ಪೆಚ್ಚಾಗಿದೀನಿ.

ಡಿಯಾನಿ ಬೀಚ್ ಬೇಕಂದ್ರೆ ಉಕುಂಡಾದಲ್ಲಿ ಇಳೀರಿ, ಬೇಡಾಂದ್ರೆ ಲುಂಗಾ ಲುಂಗಾ ಬಾರ್ಡರ್ ತನಕ ಹೋಗಿ. ಆಚೆ ಕಡೆ ಟಾಂಜಾನಿಯಾದ ಹೊರೊಹೊರೊ, ಅಲ್ಲಿಂದ ದುಡ್ಡೇ ಬೇರೆ, ಕೀನ್ಯಾ ಶಿಲ್ಲಿಂಗ್ ಹೋಗಿ ಟಾಂಜಾನಿಯಾ ಶಿಲ್ಲಿಂಗ್, ಟಾಂಗಾ ತಲುಪೋವಷ್ಟು ದುಡ್ಡು ಮಾತ್ರ ಬದಲಾಯಿಸಿ, ಎರಡ್ಸಲ ಎಣಿಸಿ. ಇಲ್ಲಿ ವ್ಯಾನ್‌ಗೆ ಡಾಲಾಡಾಲಾ ಅಂತಾರೆ, ಆಟೋಗೆ ಬಜಾಜಿ, ಹೌದು ನಮ್ಮ ಬಜಾಜ್ ಹೆಸರೇ! ಹೊಟ್ಟೆಗೆ ಚಪಾತಿ, ಕಾಯಿಹಾಲಲ್ಲಿ ಬೇಯಿಸಿದ ಬೀನ್ಸ್ ಕಾಳು, ಒಂದ್ಲೋಟ ಚಾಯ್, ವೆಜ್ ನವ್ರೂ ಆರಾಮಾಗಿ ಬದುಕ್ಕೋಬಹುದು.