ಇಂಜಿನಿಯರಿಂಗ್‌ನಿಂದ ಗಣಿತಕ್ಕೆ: ಸಾಧನೆ ಬರೆಯಲು ನಾನು ಕಲಿತ ಬಗೆ

ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಕೆಲಸ ಮಾಡುತ್ತಿದ್ದ ನಾನು ಸ್ವಂತ ಓದಿನ ಬಲದಿಂದ ಗಣಿತದ ಎಂ.ಎಸ್ಸಿ.ಗೆ ಸೇರಿದೆ. ಈ ದಾರಿ ಹಿಡಿಯಬಯಸುವವರು ಮೊದಲು ಕೇಳುವುದು ಯಾವ ಪುಸ್ತಕ ಓದಬೇಕೆಂದು. ಆದರೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ, ನಾವು ಬರೆದ ಸಾಧನೆಯನ್ನು, ಅಂದರೆ ಪ್ರೂಫ್ ಅನ್ನು, ಯಾರು ತಿದ್ದುತ್ತಾರೆ ಎಂಬುದು. ಇಂಜಿನಿಯರಿಂಗ್‌ನಲ್ಲಿ ಲಾಪ್ಲಾಸ್, ಫೂರಿಯರ್, ಮ್ಯಾಟ್ರಿಕ್ಸ್ ಎಲ್ಲವನ್ನೂ ಕಲಿಯುತ್ತೇವೆ. ಒಂದು ಹೇಳಿಕೆಯನ್ನು ವ್ಯಾಖ್ಯೆಯಿಂದ ಆರಂಭಿಸಿ ಕೊನೆಯವರೆಗೂ ಸಾಧಿಸುವ ಅಭ್ಯಾಸ ಮಾತ್ರ ಅಲ್ಲಿ ಆಗುವುದಿಲ್ಲ.

ನನಗೆ ಆ ಅಂತರ ಸ್ಪಷ್ಟವಾದದ್ದು ಚೌಕ ತರಂಗದ ಫೂರಿಯರ್ ಶ್ರೇಣಿಯಲ್ಲಿ, ಅಂದರೆ ಎರಡು ಮಟ್ಟಗಳ ನಡುವೆ ಜಿಗಿಯುವ ತರಂಗವನ್ನು ಸೈನ್ ಅಲೆಗಳ ಮೊತ್ತವಾಗಿ ಬರೆಯುವಾಗ. ಎಷ್ಟು ಪದಗಳನ್ನು ಕೂಡಿಸಿದರೂ ತರಂಗ ಜಿಗಿಯುವ ಜಾಗದ ಪಕ್ಕದಲ್ಲಿ ಒಂದು ಕೊಂಬು ಉಳಿಯುತ್ತದೆ, ಅದರ ಎತ್ತರ ಜಿಗಿತದ ಸುಮಾರು ಶೇ. 9ರಷ್ಟು ಎಂಬುದು ಲ್ಯಾಬಿನಲ್ಲೇ ಗೊತ್ತಿತ್ತು. ಅದಕ್ಕೆ ಗಿಬ್ಸ್ ವಿದ್ಯಮಾನ ಎಂದು ಹೆಸರಿಟ್ಟು ಮುಂದೆ ಹೋಗಿದ್ದೆವು. ಮಿತಿ, ನಿರಂತರತೆಗಳನ್ನು ಕರಾರುವಾಕ್ಕಾಗಿ ಸಾಧಿಸುವ ರಿಯಲ್ ಅನಾಲಿಸಿಸ್ ಓದುವಾಗ ಅದೇ ಕೊಂಬು ಪ್ರಮೇಯವಾಗಿ ಎದುರಾಯಿತು. ಸೈನ್‌ಗಳ ಪ್ರತಿಯೊಂದು ಆಂಶಿಕ ಮೊತ್ತವೂ (ಮೊದಲ ಕೆಲವು ಪದಗಳಷ್ಟರ ಮೊತ್ತ) ನಿರಂತರ, ಚೌಕ ತರಂಗವಾದರೋ ನಿರಂತರವಲ್ಲ. ನಿರಂತರ ಫಲನಗಳು ಏಕರೂಪವಾಗಿ ಅಭಿಸರಿಸಿದರೆ, ಅಂದರೆ ಎಲ್ಲ ಬಿಂದುಗಳಲ್ಲೂ ಒಟ್ಟಿಗೇ ಮಿತಿಯನ್ನು ಸಮೀಪಿಸಿದರೆ, ಮಿತಿಯೂ ನಿರಂತರವಾಗಿರಲೇಬೇಕಾದ್ದರಿಂದ, ಇಲ್ಲಿನ ಅಭಿಸರಣ ಏಕರೂಪವಾಗಿರಲು ಸಾಧ್ಯವಿಲ್ಲ. ಎಕ್ಸ್‌ನ, ಅಂದರೆ ತರಂಗದ ಮೇಲಿನ ಬಿಂದುವಿನ, ಒಂದೊಂದು ಬೆಲೆಗೂ ಬೇಕಾದಷ್ಟು ದೊಡ್ಡ ಎನ್ (ಕೂಡಿಸುವ ಪದಗಳ ಸಂಖ್ಯೆ) ಸಿಗುತ್ತದೆ, ಆದರೆ ಎಲ್ಲ ಬೆಲೆಗಳಿಗೂ ಒಂದೇ ಎನ್ ಸಿಗುವುದಿಲ್ಲ. ‘ಪ್ರತಿಯೊಂದಕ್ಕೂ’, ‘ಇದೆ’ ಎಂಬೆರಡು ಮಾತುಗಳ ಕ್ರಮ ಬದಲಾದರೆ ಪ್ರಮೇಯವೇ ಬದಲಾಗುತ್ತದೆ ಎಂಬುದು ಆಗ ನನಗೆ ಮನದಟ್ಟಾಯಿತು. ಇಂಜಿನಿಯರ್ ಆದವನು ತನಗೆ ಪರಿಚಿತವಾದ ವಿಷಯದಿಂದಲೇ ಅನಾಲಿಸಿಸ್‌ಗೆ ಇಳಿಯಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.

ಓದಿನ ಕ್ರಮ ಸರಳವಾಗಿತ್ತು. ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಒಂದು ಪ್ರಮೇಯವನ್ನು ಓದಿ, ಪುಸ್ತಕ ಮುಚ್ಚಿ, ಮರುದಿನ ಖಾಲಿ ಹಾಳೆಯ ಮೇಲೆ ಬರೆಯುತ್ತಿದ್ದೆ. ಎಲ್ಲಿ ಪೆನ್ನು ನಿಲ್ಲುತ್ತಿತ್ತೋ ಅಲ್ಲೇ ಸಾಧನೆಯ ಜೀವಾಳವಿರುತ್ತಿತ್ತು. ಅಭ್ಯಾಸದ ಲೆಕ್ಕಗಳಿಗೆ ಉತ್ತರ ಹುಡುಕುವ ಮೊದಲು ಹಲವು ದಿನ ಕಾಯುತ್ತಿದ್ದೆ. ವಾರದ ಕೊನೆಗೆ, ಪದವಿ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದ ಮೇಷ್ಟ್ರೊಬ್ಬರಿಗೆ ಹಾಳೆಗಳನ್ನು ತೋರಿಸುತ್ತಿದ್ದೆ. ಅವರು ತಿದ್ದುವುದಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳುತ್ತಿದ್ದರು: “ಈ ಸಾಲು ಮೇಲಿನ ಸಾಲಿನಿಂದ ಹೇಗೆ ಬಂತು ಹೇಳಿ ನೋಡೋಣ?” ವಿಡಿಯೋ ಪಾಠಗಳಲ್ಲಿ ಸಿಗದಿರುವುದು ಇದೇ. ಐಐಟಿಗಳ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನ ಉಪನ್ಯಾಸಗಳು ನನಗೆ ಬಹಳ ಉಪಯೋಗವಾದವು, ಆದರೆ ನನ್ನ ಸಾಧನೆಯಲ್ಲಿನ ಬಿರುಕನ್ನು ತೋರಿಸಲು ಒಬ್ಬ ಮನುಷ್ಯ ಬೇಕಾಗಿತ್ತು.

ಆಲ್ಜೀಬ್ರಾಕ್ಕೆ ದಾರಿ ಮಾಡಿಕೊಟ್ಟದ್ದು, ಕಳುಹಿಸಿದ ಮಾಹಿತಿಯಲ್ಲಿ ನುಸುಳಿದ ತಪ್ಪುಗಳನ್ನು ತಿದ್ದುವ ರೀಡ್–ಸಾಲೊಮನ್ ಕೋಡ್. ಡಿಗ್ರಿ ಕೆ ಇರುವ, ಶೂನ್ಯವಲ್ಲದ ಬಹುಪದೋಕ್ತಿಗೆ ಒಂದು ಫೀಲ್ಡ್‌ನಲ್ಲಿ (ಕೂಡಿ, ಕಳೆದು, ಗುಣಿಸಿ, ಭಾಗಿಸಬಹುದಾದ ಸಂಖ್ಯಾ ವ್ಯವಸ್ಥೆಯಲ್ಲಿ) ಕೆ ಗಿಂತ ಹೆಚ್ಚು ಮೂಲಗಳಿರುವುದಿಲ್ಲ ಎಂಬ ಒಂದೇ ಸಂಗತಿಯ ಮೇಲೆ ಆ ಕೋಡಿನ ದೋಷ ತಿದ್ದುವ ಶಕ್ತಿ ನಿಂತಿದೆ. ಆಲ್ಜೀಬ್ರಾದ ಇನ್ನೊಂದು ಭಾಗವಾದ ಗ್ರೂಪ್ ಥಿಯರಿಗೆ ಮಾತ್ರ ಇಂಜಿನಿಯರಿಂಗ್‌ನಿಂದ ಯಾವ ಆಸರೆಯೂ ಸಿಗಲಿಲ್ಲ. ಅದನ್ನು ಹೊಸದಾಗಿಯೇ ಕಲಿಯಬೇಕಾಯಿತು.

ಪ್ರವೇಶದ ವಿಷಯದಲ್ಲಿ ಎಚ್ಚರ ಬೇಕು. ಐಐಟಿ ಮೊದಲಾದ ಸಂಸ್ಥೆಗಳ ಎಂ.ಎಸ್ಸಿ. ಪ್ರವೇಶಕ್ಕೆ ನಡೆಯುವ ಜಾಮ್ ಪರೀಕ್ಷೆಯಲ್ಲಿ 60 ಪ್ರಶ್ನೆ, 100 ಅಂಕ. ಆಯ್ಕೆ ಗುರುತಿಸಬೇಕು ಅಥವಾ ಸಂಖ್ಯೆ ಬರೆಯಬೇಕು, ಅಷ್ಟೇ. ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್‌ನ ಎಂ.ಎಸ್ಸಿ. ಪರೀಕ್ಷೆಯಲ್ಲಾದರೆ ಒಂದು ಭಾಗದಲ್ಲಿ ಸಾಧನೆಯನ್ನೇ ಬರೆಯಬೇಕು, ಹಾಗಾಗಿ ನನ್ನ ತಯಾರಿಗೆ ಅದರ ಹಳೆಯ ಪ್ರಶ್ನೆಪತ್ರಿಕೆಗಳೇ ಸರಿಯಾದ ಅಳತೆಗೋಲಾದವು. ಪದವಿಯಲ್ಲಿ ಗಣಿತವನ್ನು ವಿಷಯವಾಗಿ ಓದಿರಲೇಬೇಕೆಂಬ ಷರತ್ತು ಕೆಲವೆಡೆ ಇದೆ, ಬಿ.ಇ. ಆದವರನ್ನು ನೇರವಾಗಿ ತೆಗೆದುಕೊಳ್ಳುವ ಸಂಸ್ಥೆಗಳೂ ಇವೆ; ಆ ವರ್ಷದ ಪ್ರಕಟಣೆಯನ್ನು ಸಾಲುಸಾಲಾಗಿ ಓದಿದ ಮೇಲೆಯೇ ಅರ್ಜಿ ಹಾಕಬೇಕು. ಪ್ರವೇಶಪತ್ರ ಕೈಸೇರುವವರೆಗೆ ನಾನು ಕೆಲಸಕ್ಕೆ ರಾಜೀನಾಮೆ ಕೊಡಲಿಲ್ಲ. ಮನೆಯಲ್ಲಿ ಸಂಬಳದ ಮೇಲೆ ನಿಂತ ಜವಾಬ್ದಾರಿಗಳಿರುವವರಿಗೆ ಅದನ್ನೇ ಹೇಳುತ್ತೇನೆ.